ಹಾಸನದ ಹಳ್ಳಿ ಶಾಲೆ, ಜಪಾನಿನ ಊರ ಶಾಲೆ: ಇಂಗ್ಲಿಷ್ ಕಲಿಕೆಯ ಎರಡು ದಾರಿ

ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಅರಕಲಗೂಡಿನಿಂದಲೋ, ಹೊಳೆನರಸೀಪುರದಿಂದಲೋ, ಚನ್ನರಾಯಪಟ್ಟಣದಿಂದಲೋ ಹಳ್ಳಿಗಳ ಕಡೆ ಹೊರಟರೆ ಎದುರಿಗೆ ಸಾಲಾಗಿ ಬರುವುದು ಹಳದಿ ಬಣ್ಣದ ಶಾಲಾ ವಾಹನಗಳು. ಒಳಗೆ ಟೈ ಕಟ್ಟಿದ, ಅರ್ಧ ನಿದ್ದೆಗಣ್ಣಿನ ಮಕ್ಕಳು. ಆ ವಾಹನ ಹಾದು ಬರುವ ದಾರಿಯ ಪಕ್ಕದಲ್ಲೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹೆಂಚಿನ ಕಟ್ಟಡವೊಂದು ಇರುತ್ತದೆ. ಅಲ್ಲಿ ಪಾಠಕ್ಕೆ ದುಡ್ಡಿಲ್ಲ, ಪುಸ್ತಕಕ್ಕೆ ದುಡ್ಡಿಲ್ಲ, ಮಧ್ಯಾಹ್ನದ ಊಟಕ್ಕೂ ದುಡ್ಡಿಲ್ಲ. ಆದರೂ ಮಗು ಆ ಗೇಟನ್ನು ದಾಟಿ ಹತ್ತಾರು ಕಿಲೋಮೀಟರ್ ದೂರದ ಕಾನ್ವೆಂಟಿಗೆ ಹೋಗುತ್ತದೆ. ವ್ಯಾನು ಹತ್ತಿಸಿದ ತಂದೆಯನ್ನು ಕಾರಣ ಕೇಳಿದರೆ ಸಿಗುವುದು ಒಂದೇ ಪದದ ಉತ್ತರ: ಇಂಗ್ಲಿಷ್.

ಈ ಚರ್ಚೆ ಎದ್ದಾಗಲೆಲ್ಲ ನಮ್ಮ ವೇದಿಕೆಗಳ ಮೇಲೆ ಜಪಾನ್ ತಪ್ಪದೆ ಹಾಜರಾಗುತ್ತದೆ. ‘ಇಂಗ್ಲಿಷ್ ಇಲ್ಲದೆಯೇ ಜಪಾನ್ ಉದ್ಧಾರವಾಗಲಿಲ್ಲವೇ?’ ಎಂದು ಒಬ್ಬರು ಕೇಳುತ್ತಾರೆ. ‘ಆ ಜಪಾನೇ ಈಗ ಇಂಗ್ಲಿಷ್ ಕಲಿಯಲು ಹೆಣಗುತ್ತಿದೆಯಲ್ಲ’ ಎಂದು ಇನ್ನೊಬ್ಬರು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರ ಮಾತೂ ನಿಜ. ಆದರೆ ಜಪಾನಿನ ಶಾಲೆಯೊಳಗೆ ಇಂಗ್ಲಿಷ್ ಪಾಠ ಹೇಗೆ ನಡೆಯುತ್ತದೆ, ಆ ಪಾಠ ನಡೆಯುವ ಶಾಲೆ ಎಂತಹದು ಎಂಬುದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ.

ಮೈಸೂರು ಸೀಮೆಗೆ ಜಪಾನಿನ ಶಾಲೆಯ ಮೇಲಿನ ಕುತೂಹಲ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ಪ್ರವಾಸ ಮಾಡಿ, ಅಲ್ಲಿನ ಕೈಗಾರಿಕೆಗಿಂತ ಮೊದಲು ಅಲ್ಲಿನ ಶಿಕ್ಷಣಕ್ಕೆ ಬೆರಗಾಗಿ ಬಂದವರು. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡಿಕೊಟ್ಟ ಕಾನೂನು ಮೈಸೂರಿನಲ್ಲಿ ಬಂದಿತು. ಜಪಾನ್ 1872ರಲ್ಲೇ ಆ ಕೆಲಸಕ್ಕೆ ಕೈಹಾಕಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಅಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಶಾಲೆಗೆ ದಾಖಲಾಗಿದ್ದರು.

ಅದೇ 1872ರ ಸುಮಾರಿಗೆ ಜಪಾನಿನಲ್ಲೂ ನಮ್ಮದರಂತಹ ಒಂದು ವಾದ ಎದ್ದಿತ್ತು. ಮುಂದೆ ಆ ದೇಶದ ಮೊದಲ ಶಿಕ್ಷಣ ಸಚಿವರಾದ ಮೋರಿ ಅರಿನೊರಿ ಅವರು ಇಂಗ್ಲಿಷನ್ನೇ ರಾಷ್ಟ್ರದ ಭಾಷೆಯಾಗಿ ಒಪ್ಪಿಕೊಳ್ಳಬಾರದೇಕೆ ಎಂದು ಕೇಳಿದ್ದರು. ದೇಶ ಒಪ್ಪಲಿಲ್ಲ. ವಿದೇಶಿ ಪ್ರಾಧ್ಯಾಪಕರನ್ನು ದುಬಾರಿ ಸಂಬಳ ಕೊಟ್ಟು ಕರೆಸಿ ಅವರಿಂದ ವಿದ್ಯೆ ಪಡೆದು, ಕೆಲವೇ ದಶಕಗಳಲ್ಲಿ ವಿಶ್ವವಿದ್ಯಾಲಯದ ಪಾಠವನ್ನೂ ಜಪಾನಿ ಭಾಷೆಗೆ ತಂದುಕೊಂಡರು. ವೈದ್ಯ, ಎಂಜಿನಿಯರ್, ನ್ಯಾಯಾಧೀಶ ಎಲ್ಲರೂ ತಾಯ್ನುಡಿಯಲ್ಲೇ ಓದಿ ಆಗಬಹುದಾದ ದೇಶದಲ್ಲಿ ಇಂಗ್ಲಿಷ್ ಒಂದು ಪಾಠದ ವಿಷಯವಾಗಿ ಉಳಿಯಿತೇ ಹೊರತು ಬದುಕಿನ ಮೆಟ್ಟಿಲಾಗಲಿಲ್ಲ. ನಮ್ಮಲ್ಲಿ ಆದದ್ದು ಇದಕ್ಕೆ ವಿರುದ್ಧ. ವ್ಯಾನು ಹತ್ತಿಸುವ ರೈತನಿಗೆ ಇದು ಚೆನ್ನಾಗಿ ಗೊತ್ತು. ಅವನನ್ನು ‘ಕನ್ನಡ ದ್ರೋಹಿ’ ಎಂದು ಬೈಯುವವರ ಮಕ್ಕಳು ಎಲ್ಲಿ ಓದಿದರು ಎಂಬುದೂ ಅವನಿಗೆ ಗೊತ್ತಿರುತ್ತದೆ!

ತರಗತಿಯಲ್ಲಿ ಇಬ್ಬರು ಮೇಷ್ಟ್ರು

ಜಪಾನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಪರದೇಶಿ ಮೇಷ್ಟ್ರುಗಳ ಪೈಕಿ ಹೆಚ್ಚು ಹೆಸರಾದವರು ಲಾಫ್ಕಾಡಿಯೊ ಹರ್ನ್. 1890ರಲ್ಲಿ ಮತ್ಸುಎ ಎಂಬ ಊರಿನ ಶಾಲೆಗೆ ಇಂಗ್ಲಿಷ್ ಶಿಕ್ಷಕರಾಗಿ ಬಂದ ಅವರು ಆ ಅನುಭವವನ್ನು 1894ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಂದು ಅಧ್ಯಾಯವಾಗಿಯೇ ಬರೆದರು. ಜಪಾನಿನ ದೊಡ್ಡ ಕಾದಂಬರಿಕಾರ ನತ್ಸುಮೆ ಸೋಸೆಕಿ ಸಹ ಮತ್ಸುಯಾಮ ಎಂಬಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರೇ.

ಈ ಹಳೆಯ ಪದ್ಧತಿಗೆ ಸರ್ಕಾರಿ ರೂಪ ಬಂದದ್ದು 1987ರಲ್ಲಿ. ‘ಜೆಟ್’ ಎಂಬ ಯೋಜನೆಯಡಿ ವಿದೇಶಗಳ ಪದವೀಧರ ಯುವಕ ಯುವತಿಯರನ್ನು ಕರೆಸಿ ಊರೂರಿನ ಶಾಲೆಗಳಿಗೆ ಸಹಾಯಕ ಭಾಷಾ ಶಿಕ್ಷಕರನ್ನಾಗಿ ಕಳುಹಿಸಲಾಯಿತು. ಪಾಠದ ಹೊಣೆ ಜಪಾನಿ ಶಿಕ್ಷಕರದೇ. ಪರದೇಶಿ ಸಹಾಯಕ ಪಕ್ಕದಲ್ಲಿ ನಿಂತಿರುತ್ತಾನೆ. ಇವರಲ್ಲಿ ಹೆಚ್ಚಿನವರಿಗೆ ಶಿಕ್ಷಕ ತರಬೇತಿ ಇರುವುದಿಲ್ಲ, ಎಷ್ಟೋ ಮಂದಿಗೆ ಜಪಾನಿ ಬಾರದು. ಈ ಕೊರತೆಯೇ ಅಲ್ಲಿ ಒಂದು ಉಪಯೋಗ. ಮಗು ತನ್ನ ಮನಸ್ಸಿನ ಮಾತನ್ನು ಅವನಿಗೆ ತಿಳಿಸಬೇಕಾದರೆ ಇಂಗ್ಲಿಷಿನಲ್ಲಿ ಬಾಯಿ ತೆರೆಯದೆ ಬೇರೆ ಉಪಾಯವಿಲ್ಲ. ಕೆಲವು ತರಗತಿಗಳಲ್ಲಿ ಈ ಸಹಾಯಕ ಬರೀ ಟೇಪ್ ರೆಕಾರ್ಡರ್ ಆಗಿ ನಿಂತುಬಿಡುತ್ತಾನೆ, ಶಿಕ್ಷಕರು ‘ಓದು’ ಎಂದರೆ ಓದುತ್ತಾನೆ, ಅಷ್ಟೆ ಎಂಬ ದೂರೂ ಹಳೆಯದೇ.

ಪ್ರಾಥಮಿಕ ಹಂತದಲ್ಲಿ ಜಪಾನ್ ಬಹಳ ನಿಧಾನಿ. ಐದು ಮತ್ತು ಆರನೆಯ ತರಗತಿಗಳಲ್ಲಿ ವಾರಕ್ಕೊಂದು ಪೀರಿಯಡ್ ಇಂಗ್ಲಿಷ್ ಚಟುವಟಿಕೆ ಕಡ್ಡಾಯವಾದದ್ದು 2011ರಲ್ಲಿ, ಅದಕ್ಕೆ ಅಂಕವಿರಲಿಲ್ಲ. 2020ರಿಂದ ಚಟುವಟಿಕೆ ಮೂರನೆಯ ತರಗತಿಗೆ ಇಳಿಯಿತು, ಐದು ಮತ್ತು ಆರರಲ್ಲಿ ಅದು ಪೂರ್ಣ ಪ್ರಮಾಣದ ವಿಷಯವಾಯಿತು. ಕರ್ನಾಟಕವಾದರೋ 2007-08ರಲ್ಲೇ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಹೊರಟಿತ್ತು. ಕಾಗದದ ಮೇಲೆ ನೋಡಿದರೆ ಅರಕಲಗೂಡು ತಾಲ್ಲೂಕಿನ ಮಗು ಟೋಕಿಯೊದ ಮಗುವಿಗಿಂತ ಹದಿಮೂರು ವರ್ಷ ಮುಂದಿದೆ.

ಕಷ್ಟ ಮಾತ್ರ ಎರಡೂ ಕಡೆ ಒಂದೇ. ಎಲ್ಲ ವಿಷಯವನ್ನೂ ಕಲಿಸುವ ತರಗತಿ ಶಿಕ್ಷಕರೇ ಇಂಗ್ಲಿಷನ್ನೂ ಕಲಿಸಬೇಕು. ಅವರು ಸೇವೆಗೆ ಸೇರುವಾಗ ಅದು ಅವರ ಕೆಲಸವಾಗಿರಲಿಲ್ಲ. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಕೆಲವರಿಗೆ ತರಬೇತಿ ಸಿಗುತ್ತದೆ. ಅಲ್ಲಿಂದ ಹುಮ್ಮಸ್ಸಿನಿಂದ ಊರಿಗೆ ಮರಳಿದ ಶಿಕ್ಷಕಿಗೆ ಎದುರಾಗುವುದು ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಕೂತ ನಲಿ-ಕಲಿ ಕೊಠಡಿ, ಬಿಸಿಯೂಟದ ಲೆಕ್ಕ, ಜನಗಣತಿಯೋ ಚುನಾವಣೆಯೋ ತರುವ ಹೆಚ್ಚುವರಿ ಕೆಲಸ. ಅವಳೊಡನೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವ ಇನ್ನೊಂದು ಜೀವ ಆ ಊರಿನಲ್ಲಿ ಇರುವುದಿಲ್ಲ. ಬಳಸದ ಭಾಷೆ ಎಷ್ಟು ದಿನ ನಾಲಿಗೆಯ ಮೇಲೆ ನಿಂತೀತು?

ಬಸ್ಸು ಮತ್ತು ಬಸು

ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲಿಷ್ ಕಲಿಯುವಾಗ ಕನ್ನಡದ ಮಗು ಮತ್ತು ಜಪಾನಿನ ಮಗು ಎಡವುವುದು ಹೆಚ್ಚುಕಡಿಮೆ ಒಂದೇ ಕಲ್ಲಿಗೆ. ವ್ಯಂಜನದಲ್ಲಿ ಮುಗಿಯುವ ಪದ ಎರಡೂ ನಾಲಿಗೆಗೆ ಒಗ್ಗದು. ಎರಡೂ ಕೊನೆಗೊಂದು ‘ಉ’ ಸೇರಿಸಿಕೊಂಡು ಸಮಾಧಾನ ಪಡುತ್ತವೆ. ನಾವು ಬಸ್ಸು ಅನ್ನುತ್ತೇವೆ, ಅವರು ಬಸು. ನಮ್ಮದು ಕ್ಲಾಸು, ಅವರದು ಕುರಾಸು. ನಮ್ಮದು ಹೋಟ್ಲು, ಅವರದು ಹೋತೆರು. ಗೇಮು ಮತ್ತು ಐಸು ಎಂಬ ಪದಗಳನ್ನಂತೂ ಚನ್ನರಾಯಪಟ್ಟಣದ ಹುಡುಗನೂ ಓಸಾಕದ ಹುಡುಗನೂ ಒಂದೇ ರೀತಿಯಲ್ಲಿ ಹೇಳುತ್ತಾರೆ.

ವಾಕ್ಯದ ವಿಷಯಕ್ಕೆ ಬಂದರೆ ಹೋಲಿಕೆ ಇನ್ನೂ ಆಳವಾದದ್ದು. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದನ್ನು ಜಪಾನಿಯಲ್ಲಿ ‘ವತಾಶಿ ವ ಗಕ್ಕೋ ಎ ಇಕಿಮಾಸು’ ಎನ್ನುತ್ತಾರೆ. ವತಾಶಿ ಎಂದರೆ ನಾನು, ಗಕ್ಕೋ ಎಂದರೆ ಶಾಲೆ, ಅದರ ಹಿಂದೆ ಅಂಟಿಕೊಂಡ ‘ಎ’ ನಮ್ಮ ‘ಗೆ’, ಕೊನೆಯಲ್ಲಿ ಕ್ರಿಯಾಪದ. ಪದಕ್ಕೆ ಪದ ಕೂತುಬಿಡುತ್ತದೆ. ಪ್ರಶ್ನೆ ಮಾಡಬೇಕೆಂದರೆ ನಾವು ಕೊನೆಗೆ ‘ಆ’ ಸೇರಿಸುತ್ತೇವೆ, ಅವರು ‘ಕಾ’ ಸೇರಿಸುತ್ತಾರೆ. ಇಂಗ್ಲಿಷಿನ ಕ್ರಮವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ‘ನಾನು ಹೋಗುತ್ತೇನೆ ಗೆ ಶಾಲೆ’ ಎಂದಾಗುತ್ತದೆ. ಓದಿದರೆ ನಗು ಬರುತ್ತದೆ, ಆದರೆ ಹೊಳೆನರಸೀಪುರದ ಮೂರನೆಯ ತರಗತಿಯ ಮಗುವಿನ ಕಿವಿಗೆ ಇಂಗ್ಲಿಷ್ ಬೀಳುವುದೇ ಹೀಗೆ. ‘ಎ’, ‘ಆ್ಯನ್’, ‘ದಿ’ ಎಂಬ ಮೂರು ಚಿಕ್ಕ ಪದಗಳಿಗೆ ಸಮನಾದದ್ದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ, ಪಿಎಚ್.ಡಿ. ಮಾಡಿದವರೂ ಅಲ್ಲಿ ತಡವರಿಸುವುದುಂಟು. ಒಂದು ವಿಷಯದಲ್ಲಿ ನಮ್ಮ ಮಗುವಿಗೆ ಅನುಕೂಲ ಹೆಚ್ಚು. ಜಪಾನಿ ಕ್ರಿಯಾಪದ ನಾನು, ನೀನು, ಅವಳು ಎಂದು ರೂಪ ಬದಲಿಸುವುದಿಲ್ಲ, ನಮ್ಮದು ಬದಲಿಸುತ್ತದೆ. ‘ಗೋ’ ಏಕೆ ‘ಗೋಸ್’ ಆಗುತ್ತದೆ ಎಂದು ಹೋಗುತ್ತೇನೆ, ಹೋಗುತ್ತಾಳೆ ಎಂಬ ಜೋಡಿ ತೋರಿಸಿ ಎರಡು ನಿಮಿಷದಲ್ಲಿ ತಿಳಿಸಬಹುದು. ಕನ್ನಡ ವ್ಯಾಕರಣ ಗಟ್ಟಿಯಿರುವ ಮಗುವಿಗೆ ಇಂಗ್ಲಿಷ್ ಹೇಳಿಕೊಡುವುದು ಸುಲಭ ಎಂದು ಹಿಂದಿನ ಮೇಷ್ಟ್ರುಗಳು ಹೇಳುತ್ತಿದ್ದುದರ ಮರ್ಮ ಇಷ್ಟೇ.

ಇಷ್ಟೆಲ್ಲ ಕಲಿತೂ ಮಾತು ಬಾರದಿರುವುದು ಏಕೆ? ಪರೀಕ್ಷೆ ಮಾತನ್ನು ಕೇಳುವುದಿಲ್ಲ. ಜಪಾನಿನ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಮಾತನಾಡುವ ಸಾಮರ್ಥ್ಯವನ್ನೂ ಅಳೆಯಲು ಖಾಸಗಿ ಸಂಸ್ಥೆಗಳ ಪರೀಕ್ಷೆಗಳನ್ನು ಬಳಸುವ ಯೋಜನೆಯಿತ್ತು. ಹಳ್ಳಿಯ ಮತ್ತು ಬಡ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬ ಗಲಾಟೆ ಎದ್ದು 2019ರ ನವೆಂಬರಿನಲ್ಲಿ ಅದನ್ನು ಮುಂದೂಡಿ, 2021ರಲ್ಲಿ ಪೂರ್ತಿ ಕೈಬಿಟ್ಟರು. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಅಷ್ಟೆ. ಕನ್ನಡ ಮಾಧ್ಯಮದ ಮಗು ಪ್ರಬಂಧ, ಪತ್ರ, ಪದ್ಯದ ಸಾರಾಂಶವನ್ನು ಬಾಯಿಪಾಠ ಮಾಡಿ ಬರೆದು ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ಪಾಸಾಗಬಹುದು. 2019ರಲ್ಲಿ ಹಾಸನ ಜಿಲ್ಲೆ ಶೇ. 89.33 ಫಲಿತಾಂಶದೊಂದಿಗೆ ಇಡೀ ರಾಜ್ಯಕ್ಕೆ ಮೊದಲ ಸ್ಥಾನ ಪಡೆದಾಗ ಆ ಕೀರ್ತಿ ಯಾರಿಗೆ ಸಲ್ಲಬೇಕೆಂದು ಭಾರೀ ಜಗ್ಗಾಟವೇ ನಡೆಯಿತು. ಪಾಸಾದ ಮಕ್ಕಳ ಪೈಕಿ ಎಷ್ಟು ಮಂದಿ ಬ್ಯಾಂಕಿನ ಕೌಂಟರಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಬಲ್ಲರು ಎಂದು ಆಗ ಯಾರೂ ವಿಚಾರಿಸಲಿಲ್ಲ.

ಮಾಧ್ಯಮದ ಜಗಳ

ಫಲಿತಾಂಶದ ಆ ವರ್ಷವೇ ಇನ್ನೊಂದು ಕಾರಣಕ್ಕೂ ಜಿಲ್ಲೆಗೆ ಮುಖ್ಯವಾದದ್ದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ಕುಮಾರಸ್ವಾಮಿ ಅವರು ಮುಖ್ಯಮಂತ್ರಿಯಾಗಿದ್ದಾಗ, 2019-20ರಲ್ಲಿ, ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲಾಯಿತು. 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಚಂದ್ರಶೇಖರ ಕಂಬಾರರೂ ಅನೇಕ ಸಾಹಿತಿಗಳೂ ಇದನ್ನು ವಿರೋಧಿಸಿದ್ದರು. ನೆರೆಯ ಅರಕಲಗೂಡನ್ನು ಹೆಸರಿನ ಮೊದಲ ಅಕ್ಷರದಲ್ಲೇ ಹೊತ್ತಿದ್ದ ಅ.ನ. ಕೃಷ್ಣರಾಯರು ಕನ್ನಡ ಚಳವಳಿಯ ಮುಂಚೂಣಿಯಲ್ಲಿ ನಿಂತವರು. ಒಂದೇ ಜಿಲ್ಲೆಯ ಅಕ್ಕಪಕ್ಕದ ಎರಡು ತಾಲ್ಲೂಕುಗಳು ಈ ವಾದದ ಎರಡೂ ಬದಿಗೆ ಆಳು ಕೊಟ್ಟಿವೆ.

ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ಕೊಟ್ಟ ಮೇಲೆ ಸರ್ಕಾರದ ಕೈಯಲ್ಲಿ ಉಳಿದದ್ದು ತನ್ನ ಶಾಲೆ ಮಾತ್ರ. ಆ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರೆ ಕನ್ನಡ ಹೋಯಿತೆಂಬ ಅಳಲು, ತೆರೆಯದಿದ್ದರೆ ಮಕ್ಕಳೇ ಹೋದರೆಂಬ ಅಳಲು. ಕುಮಾರಸ್ವಾಮಿಯವರ ಕ್ರಮವನ್ನು ದೂಷಿಸುವುದು ಸುಲಭ. ಆದರೆ ದುಡ್ಡಿದ್ದವರ ಮಕ್ಕಳಿಗೆ ಸಿಗುವ ಭಾಷೆ ಕೂಲಿಕಾರನ ಮಗಳಿಗೂ ಸಿಗಲಿ ಎಂಬ ವಾದದಲ್ಲಿ ನ್ಯಾಯವಿರುವುದನ್ನು ಅಲ್ಲಗಳೆಯಲಾಗದು. ತೊಡಕು ಇರುವುದು ಬೇರೆಡೆ. ಒಂದು ವಿಷಯವಾಗಿ ಇಂಗ್ಲಿಷನ್ನು ಕಲಿಸಲು ಕಷ್ಟಪಡುವ ಶಿಕ್ಷಕರ ಕೈಗೆ ಗಣಿತ, ವಿಜ್ಞಾನಗಳನ್ನೂ ಇಂಗ್ಲಿಷಿನಲ್ಲಿ ಕಲಿಸಿರೆಂದು ಪುಸ್ತಕ ಕೊಟ್ಟರೆ ಮಗುವಿಗೆ ಭಾಷೆಯೂ ದಕ್ಕದೆ ವಿಷಯವೂ ದಕ್ಕದೆ ಹೋಗುವ ಅಪಾಯವಿದೆ.

ಶಾಲೆಗೆ ನಡೆದು ಹೋಗುವವರು

ಜಪಾನಿನ ಪ್ರಾಥಮಿಕ ಶಾಲೆಗಳ ಮಕ್ಕಳಲ್ಲಿ ಖಾಸಗಿ ಶಾಲೆಗೆ ಹೋಗುವವರು ನೂರಕ್ಕೆ ಸುಮಾರು ಒಬ್ಬರು. ಉಳಿದವರೆಲ್ಲ ತಮ್ಮ ವಾಸಸ್ಥಳಕ್ಕೆ ಸ್ಥಳೀಯ ಆಡಳಿತ ಗೊತ್ತುಮಾಡಿದ ಸಾರ್ವಜನಿಕ ಶಾಲೆಗೆ ಹೋಗುತ್ತಾರೆ, ಬಹುಮಟ್ಟಿಗೆ ನಡೆದೇ. ಅಂಗಡಿಯವನ ಮಗ, ಡಾಕ್ಟರ ಮಗಳು, ಪೊಲೀಸಿನವನ ಮಗ ಒಂದೇ ಸಾಲಿನಲ್ಲಿ ಬೆನ್ನಿಗೆ ಚೌಕದ ಚರ್ಮದ ಚೀಲ ಹಾಕಿಕೊಂಡು ಸಾಗುತ್ತಾರೆ. ದೊಡ್ಡ ತರಗತಿಯವರು ಚಿಕ್ಕವರನ್ನು ಕರೆದೊಯ್ಯುತ್ತಾರೆ. ಶಿಕ್ಷಕರನ್ನು ನೇಮಿಸುವುದು ಪ್ರಾಂತ್ಯದ ಮಟ್ಟದಲ್ಲಿ. ಕೆಲವು ವರ್ಷಗಳಿಗೊಮ್ಮೆ ಎಲ್ಲರೂ ಶಾಲೆ ಬದಲಿಸಲೇಬೇಕು. ಗುಡ್ಡಗಾಡು, ದ್ವೀಪಗಳ ಶಾಲೆಗಳಿಗಾಗಿ 1954ರಲ್ಲೇ ಪ್ರತ್ಯೇಕ ಕಾನೂನು ಬಂದು, ಅಲ್ಲಿಗೆ ಹೋಗುವ ಶಿಕ್ಷಕರಿಗೆ ವಿಶೇಷ ಭತ್ಯೆ ಸಿಗುತ್ತದೆ. ಹಾಗಾಗಿ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂಬ ಕಾರಣಕ್ಕೆ ಜಪಾನಿನ ಹಳ್ಳಿಯವನು ತನ್ನ ಊರ ಶಾಲೆಯನ್ನು ಬಿಡುವುದಿಲ್ಲ. ದೂರು ಹೇಳುತ್ತಾನೆ, ಸಂಜೆ ಖಾಸಗಿ ಟ್ಯೂಷನ್ನಿಗೆ ಹಾಕುತ್ತಾನೆ, ಶಾಲೆಯಲ್ಲಿ ಮಾತ್ರ ಉಳಿಯುತ್ತಾನೆ. ನಮ್ಮಲ್ಲಿ ದೂರು ಹೇಳಬಲ್ಲ ತಂದೆಯೇ ಮೊದಲು ವ್ಯಾನು ಹತ್ತಿಸುವವನು. ಉಳಿದವರ ದೂರಿಗೆ ದನಿಯಿಲ್ಲ.

ಊಟದ ವಿಷಯದಲ್ಲಿ ನಾವು ಕೀಳರಿಮೆ ಪಡಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಮಕ್ಕಳು ಅಮೆರಿಕದ ನೆರವಿನ ಹಾಲಿನ ಪುಡಿ ಕಲಸಿದ ಹಾಲು ಕುಡಿದು ಬೆಳೆದರು. ಅರುವತ್ತು ಎಪ್ಪತ್ತರ ದಶಕಗಳಲ್ಲಿ ನಮ್ಮ ಹಳ್ಳಿ ಶಾಲೆಗಳಲ್ಲಿ ಓದಿದವರಿಗೂ ‘ಕೇರ್’ ಸಂಸ್ಥೆಯ ಉಪ್ಪಿಟ್ಟಿನ, ಪುಡಿ ಹಾಲಿನ ನೆನಪಿದೆ. ಜಪಾನ್ 1954ರಲ್ಲಿ ಶಾಲಾ ಊಟಕ್ಕೆ ಕಾನೂನು ಮಾಡಿತು. ಆದರೆ ಆಹಾರ ಸಾಮಗ್ರಿಯ ವೆಚ್ಚವನ್ನು ಬಹುಕಾಲ ಹೆತ್ತವರೇ ಭರಿಸುತ್ತ ಬಂದರು. ನಮ್ಮ ಬಿಸಿಯೂಟ ಪೂರ್ತಿ ಉಚಿತ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲೂ ಸೇರಿತು. ಅಲ್ಲಿನ ಭೇದವೆಂದರೆ ಬಡಿಸುವವರು ಮಕ್ಕಳೇ. ತಲೆಗೆ ಬಿಳಿ ಟೋಪಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಸರದಿಯ ಪ್ರಕಾರ ಬಡಿಸುತ್ತಾರೆ, ಶಿಕ್ಷಕರು ಅದೇ ಕೊಠಡಿಯಲ್ಲಿ ಅದೇ ಊಟ ಮಾಡುತ್ತಾರೆ.

ಆಮೇಲೆ ಪೊರಕೆ. ‘ಸೋಜಿ’ ಎಂದು ಕರೆಯುವ ದಿನನಿತ್ಯದ ಶುಚಿಕಾರ್ಯದಲ್ಲಿ ಮಕ್ಕಳು ತರಗತಿ, ಮೊಗಸಾಲೆ, ಎಷ್ಟೋ ಶಾಲೆಗಳಲ್ಲಿ ಶೌಚಾಲಯವನ್ನೂ ತೊಳೆಯುತ್ತಾರೆ. ಇದರ ವಿಡಿಯೋ ನಮ್ಮ ಮೊಬೈಲುಗಳಿಗೆ ಬಂದಾಗಲೆಲ್ಲ ‘ನಮ್ಮಲ್ಲೂ ಹೀಗಿರಬಾರದೇ?’ ಎಂಬ ಒಕ್ಕಣೆಯಿರುತ್ತದೆ. ಇರಬಾರದು ಎನ್ನಲಾಗದು, ಆದರೆ ಪೊರಕೆ ನಮ್ಮ ನೆಲದಲ್ಲಿ ಬರೀ ಪೊರಕೆಯಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಶುಚಿಗೊಳಿಸಿದ ಪ್ರಕರಣ ರಾಜ್ಯವನ್ನೇ ತಲೆತಗ್ಗಿಸುವಂತೆ ಮಾಡಿತು. ಸಂಬಂಧಪಟ್ಟವರ ಅಮಾನತು, ಬಂಧನಗಳಾದವು. ಮಕ್ಕಳಿಂದ ಶೌಚಾಲಯ ತೊಳೆಸಕೂಡದೆಂದು ಸರ್ಕಾರ ಸ್ಪಷ್ಟ ಆದೇಶವನ್ನೂ ಹೊರಡಿಸಿತು. ಸರದಿ ಎಂಬುದು ಎಲ್ಲರಿಗೂ ಒಂದೇ ಆಗಿದ್ದಾಗ ಮಾತ್ರ ಅದು ಪಾಠ. ಡಾಕ್ಟರ ಮಗಳೂ ಶಾನುಭೋಗರ ಮೊಮ್ಮಗನೂ ವ್ಯಾನು ಹತ್ತಿ ಹೋದ ಮೇಲೆ ಉಳಿಯುವ ಶಾಲೆಯಲ್ಲಿ ಪೊರಕೆ ಯಾರ ಕೈಗೆ ಬರುತ್ತದೆ? ಹೆಣ್ಣುಮಕ್ಕಳು ಕಸ ಗುಡಿಸುವುದು, ಗಂಡುಮಕ್ಕಳು ಆಟಕ್ಕೆ ಓಡುವುದು ನಮ್ಮ ಎಷ್ಟು ಶಾಲೆಗಳಲ್ಲಿ ‘ಸಹಜ’ವಾಗಿ ನಡೆದುಬಂದಿಲ್ಲ!

ಜಪಾನಿನ ಶಾಲೆ ಸ್ವರ್ಗವೂ ಅಲ್ಲ. ಎಲ್ಲರೂ ಒಂದೇ ಎಂಬ ನಿಯಮದಡಿ ಬೇರೆಯಾಗಿ ಕಾಣುವ ಮಗು ನಲುಗುತ್ತದೆ. ಸಹಪಾಠಿಗಳ ಕಿರುಕುಳ ತಡೆಯಲು 2013ರಲ್ಲಿ ಕಾನೂನನ್ನೇ ತರಬೇಕಾಯಿತು. 2023-24ರ ಶಾಲಾ ವರ್ಷದಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಹಂತದ ಸುಮಾರು 3.46 ಲಕ್ಷ ಮಕ್ಕಳು ಶಾಲೆಗೆ ಹೋಗಲೊಲ್ಲದೆ ಮೂವತ್ತು ದಿನ ಅಥವಾ ಅದಕ್ಕೂ ಹೆಚ್ಚು ಗೈರುಹಾಜರಾಗಿದ್ದರು. 2018ರ ಅಂತರರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಲ್ಲಿನ ಮಾಧ್ಯಮಿಕ ಶಾಲಾ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಭಾಗವಹಿಸಿದ ದೇಶಗಳಲ್ಲೆಲ್ಲ ಅದೇ ಅತಿ ಹೆಚ್ಚು. ನಮ್ಮ ಶಿಕ್ಷಕರು ಮೆಚ್ಚಿ ಓದುವ ‘ತೊತ್ತೊ-ಚಾನ್’ ಜಪಾನಿನ ಸಾಮಾನ್ಯ ಶಾಲೆಯ ಚಿತ್ರವಲ್ಲ. ಸಾಮಾನ್ಯ ಶಾಲೆ ಹೊರಗೆ ಹಾಕಿದ ಹುಡುಗಿಗೆ ಆಸರೆ ಕೊಟ್ಟ ಒಂದು ಅಪರೂಪದ ಶಾಲೆಯ ಕಥೆ ಅದು.

ಇನ್ನೊಂದು ತಮಾಷೆ ಕೇಳಿ. ಕರ್ನಾಟಕ ಒಂದನೆಯ ತರಗತಿಗೆ ಇಂಗ್ಲಿಷ್ ತಂದ 2007ರ ಸುಮಾರಿಗೆ ಜಪಾನಿನಲ್ಲಿ ‘ಭಾರತೀಯ ಲೆಕ್ಕ’ದ ಹುಚ್ಚು ಹಬ್ಬಿತ್ತು. ಎರಡಂಕಿಯ ಮಗ್ಗಿಯ ಪುಸ್ತಕಗಳು ಬಿಸಿ ದೋಸೆಯಂತೆ ಖರ್ಚಾದವು. ಟೋಕಿಯೊದಲ್ಲಿ ನಮ್ಮ ಸಾಫ್ಟ್‌ವೇರ್ ಎಂಜಿನಿಯರುಗಳ ಮಕ್ಕಳಿಗೆಂದು 2004 ಮತ್ತು 2006ರಲ್ಲಿ ತೆರೆದ ಭಾರತೀಯ ಶಾಲೆಗಳಿಗೆ ಜಪಾನಿ ತಾಯಂದಿರೂ ಸೀಟು ಕೇಳಿಕೊಂಡು ಬಂದರು. ಲೆಕ್ಕವೂ ಬರುತ್ತದೆ, ಇಂಗ್ಲಿಷೂ ಬರುತ್ತದೆ ಎಂಬ ಆಸೆ. ಅದೇ 2007ರಲ್ಲಿ ಬಿಡದಿಯಲ್ಲಿ ಟೊಯೊಟಾ ಕಂಪನಿ ತರಬೇತಿ ಶಾಲೆ ತೆರೆದು, ಎಸ್ಸೆಸ್ಸೆಲ್ಸಿ ಮುಗಿಸಿದ ಕರ್ನಾಟಕದ ಹಳ್ಳಿ ಹುಡುಗರಿಗೆ ಮೂರು ವರ್ಷ ಊಟ ವಸತಿ ಕೊಟ್ಟು ಜಪಾನಿ ಶಿಸ್ತು ಕಲಿಸಲು ಶುರುಮಾಡಿತು. ಟೋಕಿಯೊದ ತಾಯಿ ನಮ್ಮ ಶಾಲೆಯನ್ನು ಹುಡುಕುತ್ತಿದ್ದಳು, ನಮ್ಮ ಹಳ್ಳಿಯ ತಂದೆ ಅವರ ಶಾಲೆಯನ್ನು.

ಹಾಗಾದರೆ ಹಾಸನದ ಈ ತಾಲ್ಲೂಕುಗಳ ಸರ್ಕಾರಿ ಶಾಲೆ ಜಪಾನಿನಿಂದ ತರಬಹುದಾದದ್ದು ಏನು? ನನ್ನ ಮಟ್ಟಿಗೆ ಹೇಳುವುದಾದರೆ ಪೊರಕೆಯೂ ಅಲ್ಲ, ಬಿಳಿ ಟೋಪಿಯೂ ಅಲ್ಲ. ತರಗತಿ ಶಿಕ್ಷಕಿಯ ಪಕ್ಕದಲ್ಲಿ ನಿಲ್ಲುವ ಆ ಎರಡನೆಯ ವ್ಯಕ್ತಿ. ಅದಕ್ಕೆ ಅಮೆರಿಕದಿಂದ ಯಾರನ್ನೂ ಕರೆಸಬೇಕಾಗಿಲ್ಲ. ಹಾಸನದಲ್ಲಿ ಪದವಿ ಕಾಲೇಜುಗಳಿವೆ, ಬಿ.ಎಡ್. ಕಾಲೇಜುಗಳಿವೆ, 1960ರಿಂದ ಎಂಜಿನಿಯರಿಂಗ್ ಕಾಲೇಜೂ ಇದೆ. ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತನಾಡಬಲ್ಲ, ಕೆಲಸಕ್ಕೆ ಕಾಯುತ್ತಿರುವ ಹುಡುಗಿಯರು ಚನ್ನರಾಯಪಟ್ಟಣದಲ್ಲೂ ಹೊಳೆನರಸೀಪುರದಲ್ಲೂ ಇದ್ದಾರೆ. ನಾಲ್ಕೈದು ಹಳ್ಳಿ ಶಾಲೆಗಳಿಗೆ ಅಂತಹ ಒಬ್ಬಳು ವಾರಕ್ಕೆರಡು ದಿನ ಬಂದು, ಪಾಠ ಮಾಡದೆ, ಬರೀ ಇಂಗ್ಲಿಷಿನಲ್ಲಿ ಮಕ್ಕಳೊಡನೆ ಆಟವಾಡಿ, ಕಥೆ ಹೇಳಿ, ಶಿಕ್ಷಕಿಯೊಡನೆ ನಾಲ್ಕು ಮಾತಾಡಿ ಹೋಗಲಿ. ಅವಳಿಗೆ ಕೊಡುವ ಗೌರವಧನ ಅಷ್ಟೂ ಹಳ್ಳಿಗಳ ಹೆತ್ತವರು ತಿಂಗಳಿಗೆ ವ್ಯಾನಿಗೆ ತೆರುವ ಹಣಕ್ಕಿಂತ ಹೆಚ್ಚಾಗಲಾರದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಈ ಲೆಕ್ಕವನ್ನು ಒಮ್ಮೆ ಕಪ್ಪುಹಲಗೆಯ ಮೇಲೆ ಹಾಕಿ ನೋಡಬಹುದು. ಸಭೆಯನ್ನು ಮಾತ್ರ ಮೇ ತಿಂಗಳು ಮುಗಿಯುವುದರೊಳಗೆ ಕರೆಯಬೇಕು. ಜೂನ್ ಬಂತೆಂದರೆ ವ್ಯಾನಿನ ಸೀಟು ಗೊತ್ತಾಗಿರುತ್ತದೆ.